ಸೋತರೆ ಕೋಚನ್ನು ತೆಗೆಯುವ ಆಟ

ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದ ಮೊದಲನೆಯವನು ನಾನು. ಐಸ್ ಪ್ಲಾಂಟಿನಲ್ಲಿ ಗಡ್ಡೆ ಒಡೆಯುತ್ತಾ, ಎರಡು ಸಲ ಫೇಲಾಗಿ ಪಾಸು ಮಾಡಿದ ಬಿ.ಕಾಂ. ಅದರ ಬಲದಲ್ಲೇ ಕುಂದಾಪುರದ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಕೆಲಸ ಸಿಕ್ಕಿತು.

ಗಿರಾಕಿ ಇಲ್ಲದಾಗ ಕಂಪ್ಯೂಟರಿನಲ್ಲಿ ಹಾಕಿ ಆಟ. ಆಡುವುದಲ್ಲ, ತಂಡ ನಡೆಸುವುದು. ಐಸಿನ ಮೇಲಿನ ಹಾಕಿ. ನಾನು ಕಂಡ ಐಸೆಲ್ಲ ಮೀನಿನ ಪೆಟ್ಟಿಗೆಯಲ್ಲಿ. ಆಟದ ಹಳೆಯ ಸಿ.ಡಿ.ಯಲ್ಲಿ ಗೆಲ್ಲುತ್ತಿದ್ದ ಕೋಚೂ ಇದ್ದಕ್ಕಿದ್ದಂತೆ ಕೆಲಸ ಕಳೆದುಕೊಳ್ಳುತ್ತಿದ್ದ. ಹೊಸದರಲ್ಲಿ ಎಲ್ಲ ನಿಜದ ಹಾಗೆ. ಮೊದಲು ಸೋಲು, ಆಮೇಲೆ ಆಟಗಾರರ ಗೊಣಗಾಟ, ಕೊನೆಗೆ ಕೋಚನ್ನು ತೆಗೆದರೆಂಬ ಒಂದು ಸಾಲಿನ ಸುದ್ದಿ.

ಒಂದು ಮೇ ತಿಂಗಳು ಬೋಟಿನ ಧಣಿ ಅರ್ಜಿ ಪ್ರಿಂಟ್ ತೆಗೆಸಲು ಬಂದರು. ಹಂಗಾರಕಟ್ಟೆಯಲ್ಲಿ ಅವರದು ಮೂರು ಬೋಟು. ಒಂದಕ್ಕೆ ನಮ್ಮ ಅಪ್ಪಯ್ಯ ತಾಂಡೇಲ. ಮೀನಿನ ಜಾಗ ನೋಡಿ ಬೋಟು ನಡೆಸುವ ಮುಖ್ಯಸ್ಥ.

"ಎಂತದಾ ಇದ್ ಮಾರಾಯಾ, ಕೆಲ್ಸವಾ ಆಟವಾ?"

ವಿವರಿಸಿದೆ.

"ಸೋತದ್ದ್ ಆಡ್ದವ್ರ್, ತೆಗುದ್ ಕೋಚನ್ನಾ?"

"ಇಪ್ಪತ್ತ್ ಜನ್ರನ್ನ್ ಒಟ್ಟಿಗೇ ತೆಗುಕಾತ್ತಾ? ಒಬ್ಬನ್ನ್ ತೆಗುದ್ ಸುಲಭ."

"ಎಷ್ಟ್ ಹಳಬ ಆರೂವಾ?"

"ಕಂಪ್ಯೂಟರ್ ಅದೆಲ್ಲ ಕಾಂತಿಲ್ಲೆ."

ಧಣಿ ನನ್ನನ್ನು ಕೇಳಿದರಲ್ಲ ಎಂಬ ಖುಷಿ ನನಗೆ. ಆ ವರ್ಷ ಅವರ ಮೂರರಲ್ಲಿ ಯಾವ ಬೋಟಿಗೆ ಮೀನು ಬೀಳಲಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ. ಮೀನು ಹೇಗಿದೆ ಎಂದರೆ ಅಪ್ಪಯ್ಯನದು ಯಾವತ್ತೂ ಒಂದೇ ಮಾತು: "ಅಡ್ಡಿಲ್ಲೆ."

ಮಳೆಗಾಲದಲ್ಲಿ ಬೋಟು ಮೇಲೆ ಎಳೆದ ಮೇಲೆ ಬಲೆ ಶೆಡ್ಡಿನ ಕೀ ತಾಂಡೇಲನ ಮನೆಯಲ್ಲಿರುತ್ತದೆ. ಕಡಲಿಗಿಳಿಯುವ ಮುಂಚೆ ಅವನೇ ಹೋಗಿ ತೆರೆಯುವುದು. ನಮ್ಮಲ್ಲಿ ಯಾವ ಧಣಿಯೂ ನೀನು ಬೇಡ ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಕೀ ಕೇಳುತ್ತಾರೆ.

ಆಗಸ್ಟಿನ ಒಂದು ಬೆಳಿಗ್ಗೆ ಧಣಿ ನಮ್ಮ ಜಗಲಿಯಲ್ಲಿ ಕೂತು ಚಾ ಕುಡಿದರು. ಮಳೆ ಬಗ್ಗೆ ಮಾತಾಡಿದರು. ಆಮೇಲೆ, "ಹ್ವಾಯ್, ಆ ಕೀ ಒಂದ್ ಕೊಡಿ ಕಾಂಬ" ಎಂದರು. ಅಪ್ಪಯ್ಯ ಒಳಗೆ ಹೋಗಿ ತಂದುಕೊಟ್ಟರು. ಧಣಿ ಏಳುತ್ತಾ ನನ್ನತ್ತ ತಿರುಗಿ, "ಕಲ್ತವ್ರ್ ಹೇಳುದೂ ಸಮ ಇರತ್ತ್ ಬಿಡಿ" ಎಂದು ಹೋದರು.

"ಎಂತ ಹೇಳಿದ್ದೆ ಅವ್ರಿಗೆ?" ಅಪ್ಪಯ್ಯ ಕೇಳಿದರು.

ಆಟದ ಬಗ್ಗೆ ಹೇಳಿದೆ. ಎಲ್ಲವನ್ನೂ. ಅವರು ಪೂರ್ತಿ ಕೇಳಿದರು.

"ಮತ್ತೆ ತೆಗ್ದವ್ರೆಲ್ಲ ಎಲ್ಲಿಗ್ ಹೋತ್ರ್?"

"ಬೇರೆ ತಂಡಕ್ಕೆ."

"ಅಲ್ಲೂ ಕೋಚಾಯೇ?"

ಕೆಲವರು, ಎಂದೆ. ನಿಜವಾಗಿ ನಾನು ಯಾವತ್ತೂ ನೋಡಿರಲಿಲ್ಲ. ತೆಗೆದ ಮೇಲೆ ಅವರ ಹೆಸರು ಹುಡುಕಬೇಕೆಂದು ಅನಿಸಿಯೇ ಇರಲಿಲ್ಲ. ಒಂಬತ್ತರ ಬಸ್ಸಿಗೆ ಹೊತ್ತಾಗಿತ್ತು. ಗಂಜಿ ಉಂಡು ಹೊರಟೆ. ಬಸ್ಸಿನಲ್ಲಿ ಅಳು ಬರಬಹುದೆಂದು ಕಾದೆ, ಬರಲಿಲ್ಲ.

ಆ ಸೀಸನ್ನಿಗೆ ಅಪ್ಪಯ್ಯ ಇನ್ನೊಬ್ಬರ ಬೋಟಿನಲ್ಲಿ ಹಗ್ಗ ಎಳೆಯಲು ಹೋದರು. ಅಲ್ಲಿನ ತಾಂಡೇಲ ನನಗಿಂತ ಎರಡು ವರ್ಷ ದೊಡ್ಡವನು. ಮೀನು ಹೇಗಿದೆ ಎಂದು ಆಮೇಲೆ ನಾನು ಕೇಳಲಿಲ್ಲ.