ಜರ್ಮನ್ ಹಾಡಿನ ಬಿಡುವು

ಮಧ್ಯಾಹ್ನ ಊಟವಾದ ಮೇಲೆ ಅತ್ತೆಗೆ ನನ್ನ ಬಾಯಲ್ಲಿ ಆ ಹಾಡು ಬೇಕೇ ಬೇಕು. ಚಿನಕುರಳಿಯ ನಮ್ಮ ಮನೆಯ ಜಗಲಿ ಮೆಟ್ಟಿಲಲ್ಲಿ ಜಾರಿ ಸೊಂಟ ಮುರಿದುಕೊಂಡು ಮಲಗಿದಾಗಿನಿಂದ, ಮಾತ್ರೆಗಿಂತ ಅದೇ ನಿದ್ದೆ ತರುತ್ತದೆಂದು ಅವರ ನಂಬಿಕೆ.

ನಾನು ಓದಿದ ಕಾನ್ವೆಂಟಿನಲ್ಲಿ ಸಂಗೀತದ ಸಿಸ್ಟರ್ ಕಲಿಸಿದ ಜರ್ಮನ್ ಪ್ರಾರ್ಥನೆ ಅದು. ಎರಡು ಗುಂಪು ಎದುರುಬದುರು ನಿಂತು ಹಾಡುವುದು. ಒಂದು ಕೇಳಿದಂತೆ, ಇನ್ನೊಂದು ಸಮಾಧಾನ ಹೇಳಿದಂತೆ. ನಾನು ತಗ್ಗುದನಿಯವರ ಸಾಲಿನಲ್ಲಿದ್ದೆ. ನಮ್ಮ ಪಾಲಿಗೆ ರಾಗವೆನ್ನುವಂಥದ್ದು ಬರಲೇ ಇಲ್ಲ. ಮೆಟ್ಟಿಲಿಳಿದಂತೆ ನಿಧಾನವಾಗಿ ನಾಲ್ಕಾರು ಸ್ವರ, ಆಮೇಲೆ ಉದ್ದ ಬಿಡುವು. ಅರ್ಥ ಕೇಳಿದರೆ ಸಿಸ್ಟರ್, "ದೇವರ ಮಾತು, ಬಾಯಿ ದುಂಡಗೆ ತೆರೆ" ಎನ್ನುತ್ತಿದ್ದರು. ಇವತ್ತಿಗೂ ಬಿಡುವಿನಲ್ಲಿ ನನ್ನ ಹೆಬ್ಬೆರಳು ತಾಳ ಹಾಕುತ್ತದೆ, ಆ ಕಡೆಯವರು ಮುಗಿಸಲಿ ಎಂದು.

ಆ ಬಿಡುವನ್ನು ಅತ್ತೆ ತಡೆಯಲಾರರು. ಸೋಬಾನೆ ಹೇಳಿ ಬೆಳೆದವರು. ಒಬ್ಬರು ಬಿಟ್ಟ ಕಡೆ ಇನ್ನೊಬ್ಬರು ಎತ್ತಿಕೊಳ್ಳದಿದ್ದರೆ ಮದುವೆಮನೆಗೇ ಅವಮಾನ. ನಾನು ನಿಲ್ಲಿಸಿದಲ್ಲೆಲ್ಲ ತಮ್ಮದೊಂದು ಸೊಲ್ಲು ಸೇರಿಸುತ್ತಿದ್ದರು.

ಮೊನ್ನೆ ಮಗಳು ಮೊಬೈಲಿನಲ್ಲಿ ಹುಡುಕಿ ಇಡೀ ಹಾಡು ಕೇಳಿಸಿದಳು. ಅಷ್ಟು ದನಿಗಳ ನಡುವೆ ನನ್ನ ಸಾಲು ಯಾವುದೆಂದೇ ಗೊತ್ತಾಗಲಿಲ್ಲ. "ಅಮ್ಮ, ಇದು ಸತ್ತವರನ್ನ ಮಣ್ಣು ಮಾಡುವಾಗ ಹಾಡೋದಂತೆ," ಎಂದಳು.

ಅಕ್ಕಿ ಆರಿಸುತ್ತಿದ್ದ ನನ್ನ ಕೈ ಮೊರದಲ್ಲೇ ನಿಂತಿತು. ಹಾಸಿಗೆ ಹಿಡಿದವರ ತಲೆದೆಸೆಯಲ್ಲಿ ಕೂತು ದಿನಾ ಇದನ್ನೇ ಹಾಡುತ್ತಿದ್ದೆನೇ?

ಆ ಮಧ್ಯಾಹ್ನ ಗಂಟಲು ನೋವೆಂದೆ. ಮರುದಿನವೂ ಅದನ್ನೇ ಹೇಳಿದೆ. ಅತ್ತೆ ನಿದ್ದೆಯಿಲ್ಲದೆ ಸೂರು ನೋಡುತ್ತಾ ನರಳುತ್ತಿದ್ದರು. ಹಾಡಿದರೆ ಕೇಡೋ, ಹಾಡದಿದ್ದರೆ ಪಾಪವೋ ತಿಳಿಯದೆ ಕಡೆಗೆ ಇದ್ದುದನ್ನು ಹೇಳಿಬಿಟ್ಟೆ.

"ಯಾರ್ ಸತ್ತವ್ರೆ ಈಗ?" ಎಂದರು.

"ಯಾರೂ ಇಲ್ಲ, ಅತ್ತೆ."

"ಮತ್ಯಾಕವ್ವ ಇಂಗೆ ಮೊಕ ಊದುಸ್ಕಂಡಿದ್ದೀಯ? ಆ ಪದ ಯೋಳು. ನನ್ ಸೊಂಟಕ್ಕೆ ಜರ್ಮನಿ ಬಾಸೆ ಎಲ್ ತಿಳೀತದೆ."

ಸರಿಯೋ ತಪ್ಪೋ ಗೊತ್ತಾಗದೆಯೇ ಶುರುಮಾಡಿದೆ. ಮೊದಲ ಬಿಡುವು ಬಂತು. ಅತ್ತೆ ಕಣ್ಣು ಮುಚ್ಚಿಕೊಂಡೇ ಹೆಣ್ಣು ಒಪ್ಪಿಸುವ ಸೋಬಾನೆ ಎತ್ತಿದರು. ಹೆಬ್ಬೆರಳಿನ ಎಣಿಕೆ ಮುಗಿದರೂ ಅವರ ಸೊಲ್ಲು ಮುಗಿಯಲಿಲ್ಲ. ನಿಧಾನವಾಗುತ್ತಾ, ನಿದ್ದೆಯ ಉಸಿರಿನೊಳಗೆ ಇಳಿಯುತ್ತಾ ಹೋಯಿತು. ಎಲ್ಲಿ ಸೇರಿಕೊಳ್ಳಬೇಕೆಂದು ತಿಳಿಯದೆ ನಾನು ಬಾಯಿ ದುಂಡಗೆ ತೆರೆದುಕೊಂಡೇ ಕೂತಿದ್ದೆ.