ಅತ್ತೆಗಾಗಿ ಖಾಲಿ ಬಿಟ್ಟ ಕ್ಯಾರಿಯರ್

ಶರಾವತಿಗೆ ಅಣೆಕಟ್ಟು ಎದ್ದು, ಹೊಳೆ ಬದಿಯ ಊರುಗಳನ್ನೆಲ್ಲ ಲಾರಿಗೆ ಹೇರಿ ಸಾಗಿಸುತ್ತಿದ್ದ ಕಾಲ. ತೀರ್ಥಹಳ್ಳಿಯಲ್ಲಿ ನಾವು ಮೂವರು ಜೊತೆಗಾರರು: ನಾನು, ಒಬ್ಬ ಟೈಲರ್, ಒಬ್ಬರು ಸ್ಕೂಲ್ ಮೇಷ್ಟ್ರು. ವಯಸ್ಸಿನಲ್ಲಿ ನಮ್ಮಿಬ್ಬರಿಗಿಂತ ಚಿಕ್ಕವರು, ಆದರೂ ಮೇಷ್ಟ್ರಲ್ಲವೇ, ಬಹುವಚನ. ತಾಯಿಯಿಲ್ಲದ ಅವರನ್ನು ಸಾಕಿದ್ದು ಸೋದರತ್ತೆ. ಗಂಡ ಸತ್ತ ಮೇಲೂ ಆಕೆ ಹೊಸನಗರದಾಚೆ ಮೈದುನನ ಮನೆಯಲ್ಲೇ ಇದ್ದಳು. ಆ ಮನೆಯೂ ಮುಳುಗಡೆಗೆ ಸೇರಿತು. ಸೋಮವಾರ ಮಧ್ಯಾಹ್ನ ಮೂರಕ್ಕೆ ಲಾರಿ ಹೊರಡುತ್ತದೆಂದು ಸುದ್ದಿ ಬಂದದ್ದೇ, "ಲಾರಿ ಹತ್ತಬೇಡ, ಮೂರು ಸೈಕಲ್ಲಿನಲ್ಲಿ ಬರ್ತೀವಿ, ನಾನೇ ನನ್ನ ಮನೆಗೆ ಕರಕೊಂಡು ಹೋಗ್ತೀನಿ" ಅಂತ ಮೇಷ್ಟ್ರು ಕಾಗದ ಹಾಕಿದರು.

ಮೂರು ಬಾಡಿಗೆ ಸೈಕಲ್ ತಂದೆವು. ವಾಪಸ್ ಬರುವಾಗ ಟೈಲರನ ಕ್ಯಾರಿಯರಿಗೆ ಅತ್ತೆಯ ಟ್ರಂಕು, ನನ್ನದಕ್ಕೆ ಹಾಸಿಗೆ ಸುರುಳಿ, ಮೇಷ್ಟ್ರದ್ದಕ್ಕೆ ಅತ್ತೆ ಎಂದು ಲೆಕ್ಕ. ಕೂರಲು ಮೆತ್ತಗಿರಲಿ ಅಂತ ಅವರು ಗೋಣಿಚೀಲ ಮಡಚಿ ಕಟ್ಟಿದ್ದರು. ಕೋಣಂದೂರು ದಾಟುವಾಗ ಟೈಲರ್ ಕೀಟಲೆಗೆ ಇಳಿದ: "ಮೇಷ್ಟ್ರೇ, ನಿಮ್ಮ ಕಾಲು ನೋಡಿದ್ರೆ ಏರಿನಲ್ಲಿ ಅತ್ತೆನೇ ನಿಮ್ಮನ್ನ ಹಿಂದೆ ಕೂರಿಸ್ಕೊಂಡು ತುಳೀಬೇಕು!" ಮೇಷ್ಟ್ರು ಬಾಯ್ತುಂಬ ನಕ್ಕರು.

ಹನ್ನೊಂದರ ಹೊತ್ತಿಗೆ ಹೊಸನಗರ ದಾಟಿದೆವು. ಅತ್ತೆಯ ಊರಿಗೆ ಇನ್ನು ಒಂದೂವರೆ ತಾಸಿನ ದಾರಿ. ರಸ್ತೆ ಬದಿಗೇ ನನ್ನ ದೊಡ್ಡಮ್ಮನ ಮನೆ.

"ನಿಲ್ಲೋದು ಬೇಡ" ಅಂದರು ಮೇಷ್ಟ್ರು.

"ಬರೀ ನೀರು ಕುಡಿದು ಹೊರಡುವಾ, ಹತ್ತೇ ನಿಮಿಷ" ಅಂದವನು ನಾನು.

ದೊಡ್ಡಮ್ಮ ಅಂಗಳದಲ್ಲೇ ಹಿಡಿದಳು. "ಎಂತಾ, ಉಣ್ಣದೇ ಹೋಪಲೆ ಇದೆಂತ ಬಸ್ ಸ್ಟ್ಯಾಂಡಾ?"

ಅವತ್ತು ಊಟಕ್ಕೆ ಅಪ್ಪೆಹುಳಿ. ಅಪ್ಪೆಮಾವಿನಕಾಯಿಯ ಆ ತಿಳಿಸಾರು ಕುಡಿದರೆ ನಿದ್ದೆಗೆ ಕಣ್ಣು ಎಳೆಯುತ್ತದೆಂದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ನಾನು ಮೂರು ಲೋಟ ಕುಡಿದೆ. ಬೇಡ ಬೇಡ ಅಂದರೂ ಮೇಷ್ಟ್ರಿಗೆ ಎರಡು ಕುಡಿಸಿದೆ. "ಸ್ವಲ್ಪ ಬೆನ್ನು ನೆಲಕ್ಕೆ ತಾಗಿಸಿ, ಎಬ್ಬಿಸೋದು ನನ್ನ ಜವಾಬ್ದಾರಿ" ಅಂದೆ. ಬೆಳಗಿನ ಜಾವದಿಂದ ತುಳಿದ ಕಾಲು, ಜಗಲಿಯ ತಂಪು ನೆಲ. ಎಬ್ಬಿಸಬೇಕಾದವನೇ ಎಲ್ಲರಿಗಿಂತ ಮೊದಲು ಗೊರಕೆ ಹೊಡೆದೆ. ಕಣ್ಣು ಬಿಟ್ಟಾಗ ಒಳಗೆ ಗಡಿಯಾರ ಮೂರು ಹೊಡೆಯುತ್ತಿತ್ತು.

ಮುಖವನ್ನೂ ತೊಳೆಯದೆ ಸೈಕಲ್ ಹತ್ತಿ ತುಳಿದೆವು. ಅಲ್ಲಿ ಹೋಗಿ ನೋಡಿದರೆ ಮನೆಗೆ ಹೆಂಚಿಲ್ಲ, ಬಾಗಿಲಿಲ್ಲ. ಪಕ್ಕದ ಮನೆಯ ರೈತ ತನ್ನ ಹೆಂಚು ಇಳಿಸುತ್ತಿದ್ದ.

"ಲಾರಿ ಹೋಗಿ ಒಂದು ತಾಸಿನ ಮೇಲಾಯ್ತು ಮಾರಾಯ್ರೇ. ಅಮ್ಮ ಮೂರು ಸಲ ಇಳಿದು ತಿರುವಿನ ತನಕ ಹೋಗಿ ನೋಡಿ ಬಂದ್ರು. 'ಬರೋನಾಗಿದ್ರೆ ಬೆಳಿಗ್ಗೆನೇ ಬರ್ತಿದ್ದ' ಅಂತ ಮೈದುನ ಗದರಿದ್ರು. ಆಮೇಲೆ ಸುಮ್ನೆ ಹತ್ತಿ ಕೂತ್ರು."

"ಯಾವ ಊರಿಗೆ?"

"ಶಿವಮೊಗ್ಗದಾಚೆ ಅಂದ್ರಪ್ಪ. ಊರ ಹೆಸ್ರು ಅವ್ರಿಗೇ ಸರಿ ಗೊತ್ತಿರಲಿಲ್ಲ."

ಮೇಷ್ಟ್ರು ಬೈಯಲಿ ಅಂತ ಕಾದೆ. ಅವರು ಆ ತಿರುವಿನ ತನಕ ಒಬ್ಬರೇ ನಡೆದು ಹೋಗಿ ವಾಪಸ್ ಬಂದರು.

ದೀಪಾವಳಿಯ ಹೊತ್ತಿಗೆ ಹೇಗೋ ಊರು ಪತ್ತೆ ಹಚ್ಚಿ, ಬಸ್ಸಿನಲ್ಲಿ ಹೋಗಿ ಬರಿಗೈಯಲ್ಲಿ ಬಂದರು. ಅತ್ತೆ ಹೊರಡಲಿಲ್ಲವಂತೆ. "ಅವತ್ತು ನೀ ಬಂದಿದ್ರೆ ನಾ ಬತ್ತಿದ್ದಿ ತಮ್ಮಾ. ಇನ್ನೊಂದ್ಸಲ ಗಂಟು ಕಟ್ಟ ಶಕ್ತಿ ಇಲ್ಲೆ" ಅಂದಳಂತೆ.

"ನನ್ನಿಂದ ತಡ ಆಯ್ತು ಅಂತ ಹೇಳಿದ್ರಾ ಮೇಷ್ಟ್ರೇ?"

"ಇಲ್ಲ. ಪಂಕ್ಚರ್ ಆಯ್ತು ಅಂದೆ."

"ನಂಬಿದ್ರಾ?"

"ಮೂರು ಸೈಕಲ್ಲೂ ಆಯ್ತಾ ಅಂತ ಕೇಳಿದ್ಲು."