ಮೀನು ಕೊಯ್ಯುವ ಕೈ ನಿಲ್ಲಬಾರದು

ಕಳೆದ ವಾರ ಕುಂದಾಪುರದ ಗ್ರಂಥಿಗೆ ಅಂಗಡಿಗೆ, ಎಂದರೆ ನಾರುಬೇರಿನ ಔಷಧಿ ಮಾರುವಲ್ಲಿಗೆ, ಹೋಗಿದ್ದೆ. ಎರಡು ದಿನದ ಕೆಮ್ಮು. ನನ್ನ ತಲೆಯಲ್ಲಿ ಅದು ಆಗಲೇ ಮೂರು ದೊಡ್ಡ ಕಾಯಿಲೆಗಳಾಗಿ ಬೆಳೆದಿತ್ತು. ಅಂಗಡಿಯವರು ಡಬ್ಬಿಯ ಮುಚ್ಚಳ ತೆಗೆದದ್ದೇ ಜ್ಯೇಷ್ಠಮಧುವಿನ ವಾಸನೆ ಬಂತು. ಕೆಮ್ಮು ಮರೆತೇಹೋಯಿತು. ರೇಡಿಯೋ ಅಕ್ಕನ ಸ್ಟುಡಿಯೋದ ವಾಸನೆ ಅದು...

ಊರೆಲ್ಲ ಅವರನ್ನು ಕರೆಯುತ್ತಿದ್ದದ್ದೇ ಹಾಗೆ. ದವಡೆಯಲ್ಲಿ ಜ್ಯೇಷ್ಠಮಧುವಿನ ಒಂದು ಕಡ್ಡಿ ಒತ್ತಿಟ್ಟುಕೊಂಡು ಬೆಳಿಗ್ಗೆ ಅವರು ಮೈಕಿನ ಮುಂದೆ ಕೂತರೆ ಬೈಂದೂರಿನಿಂದ ಬ್ರಹ್ಮಾವರದವರೆಗೂ ಮನೆಗಳಲ್ಲಿ ಮಾತು ನಿಲ್ಲುತ್ತಿತ್ತು. ಹವಾಮಾನ, ಸಂದರ್ಶನ, ಯಾರಾದರೂ ಹಿರಿಯರು ತೀರಿಕೊಂಡ ಸುದ್ದಿ, ಎಲ್ಲವೂ ಕುಂದಾಪ್ರ ಕನ್ನಡದಲ್ಲಿ. "ಇವತ್ತ್ ಗಾಳಿ ಜೋರ್ ಇತ್ತ್. ಯಾರೂ ಕಡ್ಲಿಗ್ ಹೋಪುದ್ ಬ್ಯಾಡ" ಎಂದು ಅವರು ಹೇಳಿದ ದಿನ ದೋಣಿ ಇಳಿಯುತ್ತಿರಲಿಲ್ಲ.

ನಾನು ಅವರಿಗೆ ಸ್ಕ್ರಿಪ್ಟ್ ಬರೆದುಕೊಡುತ್ತಿದ್ದ ಹಂಗಾಮಿ ನೌಕರ. ನನ್ನ ಬರವಣಿಗೆಯನ್ನು ಅವರು ನಂಬುತ್ತಿರಲಿಲ್ಲ. ವಾರಕ್ಕೊಮ್ಮೆ ನನ್ನನ್ನೂ ಬಸ್ಸು ಹತ್ತಿಸಿ ಹಂಗಾರಕಟ್ಟೆ ಬಂದರಿಗೆ ಹೋಗಿ, ಮೀನು ಕೊಯ್ಯುವ ಹೆಂಗಸರ ಎದುರು ಕೂತು ಗಟ್ಟಿಯಾಗಿ ಓದುತ್ತಿದ್ದರು. ಕೈ ಓಡುತ್ತಲೇ ಇದ್ದರೆ ವಾಕ್ಯ ಪಾಸು. ಕೈ ನಿಂತು ಮುಖ ಮೇಲೆದ್ದರೆ ಹಾಳೆ ನನ್ನ ಮಡಿಲಿಗೆ ಬೀಳುತ್ತಿತ್ತು. ಒಮ್ಮೆ 'ಪ್ರತಿಕೂಲ ಹವಾಮಾನದ ಹಿನ್ನೆಲೆಯಲ್ಲಿ' ಎಂದು ಬರೆದಿದ್ದೆ. ಅಷ್ಟೂ ಕೈಗಳು ಒಟ್ಟಿಗೇ ನಿಂತವು.

"ಅಕ್ಕಾ, ಈ ಮಾರಾಯ್ರ್ ಬರ್ದದ್ದ್ ಅರ್ಥ ಆಪುದ್ರೊಳ್ಗೆ ನಮ್ ದೋಣಿ ಮುಳ್ಗಿ ಹೋತ್ತ್!" ಎಂದಳು ಒಬ್ಬಳು ಮುದುಕಿ. ಎಲ್ಲರಿಗಿಂತ ಹೆಚ್ಚು ನಕ್ಕದ್ದು ಅಕ್ಕ.

ನಿವೃತ್ತಿಯ ನಂತರ ಊರಿನ ಒಂದು ಕೇಬಲ್ ಟಿ.ವಿ.ಯವರು ಅವರನ್ನು ಸುದ್ದಿ ಓದಲು ಕರೆದರು. ಬಾಲದಂತೆ ನಾನೂ ಹೋದೆ. ಕೆಲವು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ಹೊಸ ಮ್ಯಾನೇಜರು ಬಂದರು. ಈ ಭಾಷೆಯಲ್ಲಿ ಗಂಭೀರ ಸುದ್ದಿ ಕೂರುವುದಿಲ್ಲವಂತೆ. ಅಕ್ಕ ಸೀರೆ ಎತ್ತಿ ಕಟ್ಟಿ, ಜಗಳಗಂಟಿ ಅತ್ತೆಯ ವೇಷ ಹಾಕಿ ಜನರನ್ನು ನಗಿಸಬೇಕಂತೆ. ಬರೆಯುವಾಗ ಈಗಲೂ ಮೈ ಉರಿಯುತ್ತದೆ. ಯಾವ ಮಾತಿನಲ್ಲಿ ನಾವು ಮಗುವಿನ ಜ್ವರಕ್ಕೆ ಹರಕೆ ಹೇಳಿಕೊಂಡೆವೋ, ಹೆಣದ ಮುಂದೆ ಅತ್ತೆವೋ, ಅದು ಗಂಭೀರವಾಗಲು ಇವರ ಅಪ್ಪಣೆ ಬೇಕೆ?

ಅಂದು ಮಾತ್ರ ಮೈ ಉರಿಯಲಿಲ್ಲ. ಕೆಲಸ ಹೋದೀತೆಂದು ನಡುಗಿತು, ಅಷ್ಟೆ. "ಅಕ್ಕಾ, ಒಂದ್ ಸಲ ನಗ್ಸಿ ಕಾಣಿ, ಮತ್ತೆ ಎಲ್ಲ ಸಮ ಆತ್ತ್" ಎಂದೆ.

ಅವರು ಬಾಯಿಂದ ಕಡ್ಡಿ ತೆಗೆದರು. "ನೀನೂ ಹೇಳ್ದ್ಯಾ ಮಾರಾಯಾ? ನಂಗ್ ನಗ್ಸುಕ್ ಬತ್ತ್. ಆದ್ರೆ ಮತ್ತ್ ನಾನ್ 'ಗಾಳಿ ಬತ್ತ್' ಅಂದ್ರೂ ಜನ ನಗಾಡ್ತ್ರ್."

ಮರುದಿನದಿಂದ ಅವರು ಬರಲಿಲ್ಲ. ಬೇರೆ ಯಾರೋ ಅತ್ತೆಯಾದರು. ಅತ್ತೆಯ ಮಾತು ಬರೆದವನು ನಾನೇ.

ಈ ವರ್ಷ ಅಕ್ಕ ತೀರಿಕೊಂಡರು. ಸಂತಾಪ ಸಭೆಯಲ್ಲಿ ನನ್ನನ್ನೂ ಮಾತಿಗೆ ಕರೆದರು. ಕಿಸೆಯಲ್ಲಿ ಎರಡು ಪುಟದ ಗ್ರಾಂಥಿಕ ಭಾಷಣವಿತ್ತು. ಎಲ್ಲಿಂದಲೋ ಧೈರ್ಯ ಬಂದು, ಅದನ್ನು ತೆಗೆಯದೆ, "ನಮ್ ಅಕ್ಕ ಹೋಯ್ಬಿಟ್ರ್..." ಎಂದೆ.

ಸಭೆ ನಕ್ಕಿತು. ಹಾಸ್ಯ ಶುರುವಾಯಿತೆಂದು ಮುಂದಿನ ಸಾಲಿನವರು ಫೋನು ಎತ್ತಿ ಹಿಡಿದರು.

"ಹ್ವಾಯ್! ಸತ್ತ ಸುದ್ದಿಗ್ ಎಂತಕ್ ನಗಾಡುದ್?" ಎಂದು ಹಿಂದಿನಿಂದ ಹಂಗಾರಕಟ್ಟೆಯ ಹೆಂಗಸೊಬ್ಬಳು ಕೂಗಿದಳು. ಅದು ನಾನು ಹೇಳಬೇಕಾಗಿದ್ದ ಮಾತು. ನಾನು ಮಾಡಿದ್ದೇನು? ಎಲ್ಲರ ಜೊತೆ ಸ್ವಲ್ಪ ನಕ್ಕೆ. ಕಿಸೆಯಿಂದ ಹಾಳೆ ತೆಗೆದು 'ಅಗಲಿದ ಹಿರಿಯ ಚೇತನಕ್ಕೆ' ಎಂದು ಓದತೊಡಗಿದೆ.

ಕಳೆದ ವಾರ ಆ ಅಂಗಡಿಯಿಂದ ಜ್ಯೇಷ್ಠಮಧು ಕೊಂಡು ಮನೆಗೆ ಬಂದೆ. ಅಡುಗೆಮನೆಯಲ್ಲಿ ಹೆಂಡತಿ ಬಂಗುಡೆ ಮೀನು ಕೊಯ್ಯುತ್ತಿದ್ದಳು. ಒಂದು ತುಂಡನ್ನು ದವಡೆಗಿಟ್ಟುಕೊಂಡು, ಅವಳ ಎದುರು ನಿಂತು, ಅದೇ ಮಾತನ್ನು ಗಟ್ಟಿಯಾಗಿ ಹೇಳಿದೆ.

"ನಮ್ ಅಕ್ಕ ಹೋಯ್ಬಿಟ್ರ್."

"ಹೌದ್ ಮಾರಾಯ್ರೆ" ಎಂದಳು. ನಗಲಿಲ್ಲ. ಕೈಯೂ ನಿಲ್ಲಲಿಲ್ಲ.

ವಾಕ್ಯ ಪಾಸು. ಹಾಗೆಂದು ಹೇಳಬೇಕಾದವರು ಮಾತ್ರ ಇಲ್ಲ...